‘ಅನ್‌ವಯಬಲ್’ ಎಂದರೆ ಯಾರಿಗೆ?

ಭದ್ರಾವತಿಯ ದುಡಿಯುವ ಜನ ಶಾಲೆಯಲ್ಲಿ ಇಂಗ್ಲಿಷನ್ನು ಎಷ್ಟು ಕಲಿತರೋ ಬಿಟ್ಟರೋ, ಒಂದು ಪದವನ್ನಂತೂ ಹೊಟ್ಟೆ ಸುಟ್ಟುಕೊಂಡು ಕಲಿತಿದ್ದಾರೆ: ‘ಅನ್‌ವಯಬಲ್’. ಕಾಗದದ ಕಾರ್ಖಾನೆ ಅನ್‌ವಯಬಲ್, ಕಬ್ಬಿಣದ ಕಾರ್ಖಾನೆ ಅನ್‌ವಯಬಲ್. ಏನಿದರ ಅರ್ಥ?

‘ವಯಬಲ್’ ಎಂಬುದು ಫ್ರೆಂಚಿನಲ್ಲಿ ಜೀವ ಎಂಬರ್ಥದ ಮಾತಿನಿಂದ ಹುಟ್ಟಿದ್ದು. ಹುಟ್ಟಿದ ಕೂಸು ಬದುಕಿ ಉಳಿಯುವಷ್ಟು ಬೆಳೆದಿದ್ದರೆ ವೈದ್ಯರು ಹಾಗೆನ್ನುತ್ತಿದ್ದರು. ಕಂಪನಿಯ ಲೆಕ್ಕಕ್ಕೆ ಅದು ಬಂದದ್ದು ಆಮೇಲೆ. ಆದರೆ ಅನ್ನ ನಿಲ್ಲಿಸಿ, ಸೊರಗಿದ ಮೇಲೆ ‘ಇವನು ಬದುಕಲಾರ’ ಎಂದು ಬರೆದುಕೊಡುವವನನ್ನು ನಾವು ವೈದ್ಯನೆನ್ನುವುದಿಲ್ಲ.

1923ರಲ್ಲಿ ಕೆಲಸ ಆರಂಭಿಸಿದ ಕಬ್ಬಿಣದ ಕಾರ್ಖಾನೆಯೂ ಮೊದಮೊದಲು ನಷ್ಟದಲ್ಲೇ ಇತ್ತು. ಮೊದಲ ಮಹಾಯುದ್ಧದ ನಂತರ ಕಬ್ಬಿಣದ ಬೆಲೆ ಬಿದ್ದುಹೋಗಿತ್ತು, ಟೀಕಾಕಾರರಿಗೆ ಬರವಿರಲಿಲ್ಲ. ಆದರೂ ಮೈಸೂರು ಸರ್ಕಾರ ಬೀಗ ಹಾಕಲಿಲ್ಲ. ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರನ್ನು ಕರೆದು ಮಂಡಳಿಯ ಅಧ್ಯಕ್ಷತೆ ಒಪ್ಪಿಸಿತು. ಕಾರ್ಖಾನೆ ಉಳಿಯಿತು, ಊರು ಬೆಳೆಯಿತು. 1936ರಲ್ಲಿ ಕಾಗದದ ಕಾರ್ಖಾನೆಯೂ ಸ್ಥಾಪನೆಯಾಯಿತು.

ಆ ಕಾಗದದ ಯಂತ್ರಗಳು 2015ರಲ್ಲಿ ನಿಂತವು. 1998ರಲ್ಲಿ ಉಕ್ಕು ಪ್ರಾಧಿಕಾರದೊಳಗೆ ವಿಲೀನವಾದ ಕಬ್ಬಿಣದ ಕಾರ್ಖಾನೆಗೆ ಸ್ವಂತ ಗಣಿಯ ಅದಿರು ಕೈತಪ್ಪಿತು. ಬೇಕಾದ ಬಂಡವಾಳ ಬರಲಿಲ್ಲ. 2016ರಲ್ಲಿ ಮಾರುತ್ತೇವೆಂದರು. 2022ರಲ್ಲಿ ಕೊಳ್ಳುವವರಿಲ್ಲವೆಂದರು. 2023ರ ಜನವರಿಯಲ್ಲಿ ಮುಚ್ಚುತ್ತೇವೆಂದರು. ಕಾರ್ಮಿಕರು ಬೀದಿಗಿಳಿದರು. ಅದೇ ಆಗಸ್ಟಿನಲ್ಲಿ ರೋಲಿಂಗ್ ವಿಭಾಗದ ಒಂದು ಮಿಲ್ಲು ಮತ್ತೆ ತಿರುಗಿತು! ಬದುಕಲಾರದ್ದು ಏಳು ತಿಂಗಳಲ್ಲಿ ಎದ್ದು ಕೂತದ್ದು ಹೇಗೆ?

ನಷ್ಟವೇ ಇಲ್ಲವೆಂದು ನಾವು ಹೇಳುವುದಿಲ್ಲ. ಹಳೆಯ ಯಂತ್ರಕ್ಕೆ ಖರ್ಚು ಹೆಚ್ಚು. ಹೊರಗಿನಿಂದ ಕೊಂಡ ಅದಿರು ದುಬಾರಿ. ಆದರೆ ಇವು ಮನುಷ್ಯರು ಮಾಡಿದ ತೀರ್ಮಾನಗಳ ಫಲ, ಹಣೆಬರಹವಲ್ಲ. ಅಲ್ಲದೆ ಆ ಲೆಕ್ಕದ ಪುಸ್ತಕದಲ್ಲಿ ಸಂಬಳದ ದಿನವನ್ನೇ ನಂಬಿ ಕಡ ಕೊಟ್ಟ ಕಿರಾಣಿ ಅಂಗಡಿಯವನಿಲ್ಲ, ಗೇಟಿನೆದುರಿನ ಹೋಟೆಲಿನವನಿಲ್ಲ, ಭದ್ರಾವತಿಯ ಗಿರಾಕಿಯನ್ನು ಕಾಯುವ ಶಿವಮೊಗ್ಗದ ಬಟ್ಟೆ ವ್ಯಾಪಾರಿಯಿಲ್ಲ. ಕಾರ್ಖಾನೆ ಮುಚ್ಚಿದರೆ ಅವರ ನಷ್ಟವನ್ನು ಬರೆದುಕೊಳ್ಳುವವರು ಯಾರು?

ಆದ್ದರಿಂದ ಮುಂದೆ ಯಾವ ಮಂತ್ರಿಯೇ ಬಂದು ಈ ಪದವನ್ನು ಆಡಲಿ, ಸಭೆಯಲ್ಲೇ ಎದ್ದು ನಿಂತು ಕೇಳಿ: ಸ್ವಾಮಿ, ಅದಿರು ಕೊಟ್ಟಿರಾ? ಬಂಡವಾಳ ಹಾಕಿದಿರಾ? ಊರಿನ ಲೆಕ್ಕ ಸೇರಿಸಿದಿರಾ? ಮೂರಕ್ಕೂ ಉತ್ತರ ಬರುವವರೆಗೆ ಆ ಪದವನ್ನು ಕಾರ್ಖಾನೆಗೆ ಅಂಟಿಸಬೇಡಿ; ಅದನ್ನು ನಡೆಸಿದ ನೀತಿಗೆ ಅಂಟಿಸಿ.