ತ್ರೀ ನಾಟ್ ತ್ರೀಗೆ ಯಾವ ಗುಂಡು?

ತ್ರೀ ನಾಟ್ ತ್ರೀ ಅಂದ ಕೂಡಲೇ ನಮ್ಮಲ್ಲಿ ಬಹಳ ಜನಕ್ಕೆ ನೆನಪಾಗೋದು ಬಂದೋಬಸ್ತಿಗೆ ನಿಂತ ಪೊಲೀಸಪ್ಪನ ಹೆಗಲ ಮೇಲಿನ ಉದ್ದ ಕೋವಿ. ಉತ್ತರ ಪ್ರದೇಶದ ಪೊಲೀಸರು ಅದಕ್ಕೆ ವಿದಾಯ ಹೇಳಿದ್ದೇ 2020ರಲ್ಲಿ. ನಾನು ಕೆಲಸ ಮಾಡುವ ಅಮೆರಿಕದಲ್ಲಿ ಇಂಥ ಹಳೇ ಮಿಲಿಟರಿ ರೈಫಲ್‌ಗಳನ್ನು ಗುರಿ ಅಭ್ಯಾಸಕ್ಕೆ ಇಟ್ಟುಕೊಂಡವರು ಬೇಕಾದಷ್ಟು ಮಂದಿ.

ನಮ್ಮ ಪಕ್ಕದ ಮನೆಯ ಹಿರಿಯರೂ ಅಂಥವರೇ. ಅವರ ತಂದೆ ಕೆನಡಾ ಸೇನೆಯಲ್ಲಿದ್ದವರು. ಅವರು ಬಿಟ್ಟುಹೋದದ್ದು ಟೊರೊಂಟೊ ಬಳಿಯ ಲಾಂಗ್ ಬ್ರಾಂಚ್ ಕಾರ್ಖಾನೆಯಲ್ಲಿ ಎರಡನೇ ಮಹಾಯುದ್ಧದ ಕಾಲಕ್ಕೆ ತಯಾರಾದ ಲೀ-ಎನ್‌ಫೀಲ್ಡ್. 100 ಗಜದಲ್ಲಿ ಹೊಡೆದರೆ ಗುಂಡುಗಳು ಊಟದ ತಟ್ಟೆಯಗಲ ಚೆಲ್ಲಾಡುತ್ತಿದ್ದವು. ನೋಡಿದವರೆಲ್ಲ ಬ್ಯಾರೆಲ್ ಸವೆದಿದೆ, ಬಿಡಿಭಾಗದ ಲೆಕ್ಕದಲ್ಲಿ ಮಾರಿಬಿಡಿ ಅಂದಿದ್ದರು. ಅವರೂ ಮುಕ್ಕಾಲು ಪಾಲು ಒಪ್ಪಿಬಿಟ್ಟಿದ್ದರು. ಅಪ್ಪನ ಕೈಯಲ್ಲಿದ್ದ ವಸ್ತು, ಮಾರಲೂ ಮನಸ್ಸಿಲ್ಲ, ಹಾಗೇ ಇಟ್ಟುಕೊಳ್ಳಲೂ ಬೇಸರ.

ತಮಾಷೆ ಏನಪ್ಪಾ ಅಂದ್ರೆ, .303 ಅನ್ನೋದು ಗುಂಡಿನ ಅಳತೆಯೇ ಅಲ್ಲ. ನಳಿಗೆಯ ಒಳಗೆ ಸುರುಳಿಯಾಗಿ ತೋಡುಗಳಿರುತ್ತವೆ, ಗುಂಡನ್ನು ತಿರುಗಿಸೋದು ಅವೇ. ಆ ತೋಡು ಕೊರೆಯುವ ಮುಂಚಿನ ತೂತಿನ ಅಗಲ .303 ಇಂಚು. ಗುಂಡು ತೋಡಿನ ತಳದವರೆಗೂ ತುಂಬಬೇಕು, ಹಾಗಾಗಿ ಅದರ ಅಗಲ .311, .312 ಇರಬೇಕು. ಹೆಸರು ನೋಡಿ, ಎಲ್ಲ ಅಂಗಡಿಯಲ್ಲೂ ಸಿಗುವ .308 ಗುಂಡು ತುಂಬಿದರೆ ಅದು ಹಿಡಿತ ಸಿಗದೆ ಹೋಗುತ್ತೆ, ಕೆಲವೊಮ್ಮೆ ಕಾಗದಕ್ಕೆ ಅಡ್ಡಡ್ಡವಾಗಿ ಬಡಿಯುತ್ತೆ. ನಮ್ಮ ಆಫೀಸಲ್ಲೂ ಹೀಗೇ, ಡಾಕ್ಯುಮೆಂಟಿನಲ್ಲಿ ಇರೋದೊಂದು, ಸರ್ವರ್‌ನಲ್ಲಿ ಓಡ್ತಿರೋದೊಂದು.

ಆದರೆ ಹಿರಿಯರು ಬಳಸುತ್ತಿದ್ದದ್ದು ಸರಿಯಾದ .311ರ ಗುಂಡನ್ನೇ. ಮತ್ತೆ ತೊಂದರೆ ಎಲ್ಲಿ?

ಅಳೆದೇ ನೋಡಬೇಕಿತ್ತು. ರೈಫಲ್ ಖಾಲಿ ಮಾಡಿ, ಬೋಲ್ಟ್ ತೆಗೆದಿಟ್ಟು, ತೂತಿಗಿಂತ ತುಸು ದಪ್ಪದ ಮೆತ್ತನೆ ಸೀಸದ ಉಂಡೆಗೆ ಎಣ್ಣೆ ಸವರಿ, ಮರದ ಕೋಲಿನಿಂದ ಮೆಲ್ಲಗೆ ತಟ್ಟುತ್ತಾ ನಳಿಗೆಯ ಈ ತುದಿಯಿಂದ ಆ ತುದಿಗೆ ದಾಟಿಸಿದರು. ಹೊರಬಂದ ಸೀಸದ ಮೇಲೆ ನಳಿಗೆಯ ಅಚ್ಚು ಬಿದ್ದಿರುತ್ತೆ. ಎನ್‌ಫೀಲ್ಡ್‌ಗೆ ಸಾಮಾನ್ಯವಾಗಿ ಐದು ತೋಡು, ಎದುರುಬದುರು ಬಾರದ್ದರಿಂದ ಅಳೆಯೋದು ತಲೆನೋವು. ಇದಕ್ಕೆ ಯುದ್ಧದ ತುರ್ತಿನಲ್ಲಿ ಎರಡೇ ತೋಡು ಕೊರೆದಿದ್ದರು, ನಮ್ಮ ಪುಣ್ಯ. ಮೈಕ್ರೋಮೀಟರ್ ತೋರಿಸಿದ್ದು .314.

ಅಂದರೆ ಗುಂಡಿನ ಸುತ್ತ ಸಂದು. ಜೊತೆಗೆ ಅವರು ತುಂಬುತ್ತಿದ್ದದ್ದು ಹಿಂಬದಿ ಕಿರಿದಾಗುತ್ತಾ ಬರುವ ದೋಣಿಬಾಲದ ಆಧುನಿಕ ಗುಂಡು. ಹೊಸ ನಳಿಗೆಯಲ್ಲಿ, ದೂರದ ಗುರಿಗೆ ಅದು ಚೆನ್ನ. ಸಡಿಲ ನಳಿಗೆಯಲ್ಲಿ ಮದ್ದಿನ ಅನಿಲ ಪಕ್ಕದಿಂದ ನುಸುಳಿಬಿಡುತ್ತೆ. 1910ರಲ್ಲಿ ಬಂದ ಮೂಲ ಮಾರ್ಕ್ 7 ತೋಟಾದ 174 ಗ್ರೇನ್ ಗುಂಡಿಗೆ ತಳ ಚಪ್ಪಟೆ, ಅಲ್ಲಿ ಸೀಸ ತೆರೆದೇ ಇತ್ತು. ಅನಿಲ ಒತ್ತಿದಾಗ ತಳ ಹಿಗ್ಗಿ ತೋಡು ತುಂಬುತ್ತಿತ್ತು. ಮೂತಿಯೊಳಗೆ ಹಗುರವಾದ ಅಲ್ಯೂಮಿನಿಯಂ ಇಟ್ಟು ಭಾರ ಹಿಂದಕ್ಕೆ ತಂದಿದ್ದರು. ಆ ಕಾಲದ ಎಂಜಿನಿಯರ್‌ಗಳ ತಲೆಗೆ ನಾನಂತೂ ಕೈ ಮುಗಿದೆ.

ಹಿರಿಯರು ಹಾರ್ನಡಿಯ .312ರ, 174 ಗ್ರೇನ್ ತೂಕದ, ಚಪ್ಪಟೆ ತಳ ಮತ್ತು ದುಂಡು ಮೂತಿಯ ಗುಂಡು ತರಿಸಿದರು. ಗುಂಡು ಬದಲಾದರೆ ಮದ್ದಿನ ಅಳತೆಯನ್ನೂ ಕೈಪಿಡಿ ನೋಡಿ ಕೆಳಗಿನಿಂದಲೇ ಶುರು ಮಾಡಬೇಕು. ದಪ್ಪ ಇದ್ದಷ್ಟೂ ಒಳ್ಳೇದು ಅಂತ ಹೊರಟರೆ ಒತ್ತಡ ಏರಿ ಅಪಾಯ, ಎಂಬತ್ತು ವರ್ಷದ ಉಕ್ಕು ಬೇರೆ. ಅವರದಕ್ಕೆ ಎರಡು ಭಾನುವಾರ ಹಿಡಿಯಿತು.

ಮೂರನೇ ಭಾನುವಾರ ಕಾಗದ ತಂದು ನಮ್ಮ ಅಡುಗೆಮನೆ ಮೇಜಿನ ಮೇಲೆ ಹರಡಿದರು. ಐದೂ ತೂತು ಟೀ ಸಾಸರ್‌ನೊಳಗಿದ್ದವು. ನನ್ನ ಹೆಂಡತಿ ನಿಜವಾಗಲೂ ಸಾಸರ್ ತಂದು ಮೇಲಿಟ್ಟು ನೋಡಿದಳು. ಸ್ಪರ್ಧೆ ಗೆಲ್ಲುವ ಗುರಿಯೇನಲ್ಲ ಬಿಡಿ. ಕೊಳ್ಳಲು ಬರ್ತೀನಿ ಅಂದಿದ್ದವರಿಗೆ ಅವತ್ತೇ ಸಂಜೆ ಫೋನ್ ಮಾಡಿ, ಮಾರೋದಿಲ್ಲ ಅಂತ ಹೇಳಿದರಂತೆ.