ಸಕ್ಕರೆ ಕಾಯಿಲೆಯವರಿಗೆ ಬೇಕಾದದ್ದು ಬರಿಯ ಉಪದೇಶವಲ್ಲ, ಆಸರೆ

ನಿಮ್ಮ ಮನೆಯಲ್ಲಿ ಅಥವಾ ಪಕ್ಕದ ಮನೆಯಲ್ಲಿ ಶುಗರ್ ಇರುವ ಹಿರಿಯರೊಬ್ಬರು ಇದ್ದೇ ಇರುತ್ತಾರೆ. 2020ರ ಮಾರ್ಚ್ 25ರಿಂದ ದೇಶವೆಲ್ಲ ಲಾಕ್‌ಡೌನ್ ಆದಾಗ, ಅವರ ಮಾತ್ರೆ ಇನ್ನೆಷ್ಟು ದಿನಕ್ಕಿದೆ ಎಂದು ನೀವು ವಿಚಾರಿಸಿದ್ದಿರಾ? ನಮ್ಮಲ್ಲಿ ಹೆಚ್ಚಿನವರು ವಿಚಾರಿಸಲಿಲ್ಲ. "ಹೊರಗೆ ಹೋಗಬೇಡಿ, ಸಿಹಿ ಮುಟ್ಟಬೇಡಿ" ಎಂದು ಹೇಳಿ ಸುಮ್ಮನಾದೆವು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಹಳ್ಳಿಗಳಿಗೆ ಆ ದಿನಗಳು ಇನ್ನೂ ಕಷ್ಟದವು. ಔಷಧಿ ಅಂಗಡಿ ತೆರೆದಿದ್ದರೂ ಅಲ್ಲಿಗೆ ಹೋಗಲು ಬಸ್ಸಿರಲಿಲ್ಲ. ತಜ್ಞ ವೈದ್ಯರನ್ನು ಕಾಣಲು ಬಳ್ಳಾರಿಗೋ ದಾವಣಗೆರೆಗೋ ಹೋಗಬೇಕು. ಕೂಲಿ ನಿಂತ ಮನೆಯಲ್ಲಿ ಮೊದಲು ಕಡಿತವಾಗುವುದು ಹಿರಿಯರ ಮಾತ್ರೆಯೇ. ನಮ್ಮ ಯುವಕರು ಮನೆಮನೆಗೆ ರೇಷನ್ ಕಿಟ್ ಮುಟ್ಟಿಸಿದರು, ಒಳ್ಳೆಯ ಕೆಲಸ. ಆದರೆ ಅಕ್ಕಿ, ಸಕ್ಕರೆ ಕೊಟ್ಟ ಮನೆಯಲ್ಲಿ ಇನ್ಸುಲಿನ್ ಇದೆಯೇ ಎಂದು ಕೇಳಿದವರು ಎಷ್ಟು ಮಂದಿ?

ಇದು ಸಣ್ಣ ಮಾತಲ್ಲ. ಸಕ್ಕರೆ ಹತೋಟಿಯಲ್ಲಿ ಇಲ್ಲದವರಿಗೆ ಕೋವಿಡ್ ತಗುಲಿದರೆ ಅಪಾಯ ಹೆಚ್ಚು. ಯಾವುದೇ ಸೋಂಕು ಬಂದರೂ ರಕ್ತದ ಸಕ್ಕರೆ ಏರುತ್ತದೆ. ಚಿಕಿತ್ಸೆಗೆ ಕೊಡುವ ಸ್ಟೀರಾಯ್ಡ್ ಅದನ್ನು ಇನ್ನೂ ಏರಿಸುತ್ತದೆ. 2021ರಲ್ಲಿ ಕಪ್ಪು ಶಿಲೀಂಧ್ರ ರೋಗಕ್ಕೆ ತುತ್ತಾದವರಲ್ಲಿ ಬಹುಪಾಲು ಮಧುಮೇಹಿಗಳೇ. ಜ್ವರ ಬಂದು ಊಟ ಸೇರದಿದ್ದರೂ ಇನ್ಸುಲಿನನ್ನು ತಾವಾಗಿಯೇ ನಿಲ್ಲಿಸಬಾರದು. ಪ್ರಮಾಣ ಎಷ್ಟೆಂದು ವೈದ್ಯರನ್ನು ಫೋನಿನಲ್ಲಾದರೂ ಕೇಳಬೇಕು.

ಆ ಎರಡೂ ವರ್ಷ ರಮಝಾನ್ ಏಪ್ರಿಲ್-ಮೇ ತಿಂಗಳ ಬಿಸಿಲಿನಲ್ಲೇ ಬಂತು. ಕಾಯಿಲೆಯವರಿಗೆ ಉಪವಾಸದಲ್ಲಿ ಅಲ್ಲಾಹನು ರಿಯಾಯಿತಿ ಕೊಟ್ಟಿದ್ದಾನೆ. ಆದರೂ "ಜನ ಏನೆಂದಾರು" ಎಂಬ ಅಂಜಿಕೆಯಿಂದ ಇನ್ಸುಲಿನ್ ಬಿಟ್ಟು ಉಪವಾಸ ಹಿಡಿಯುವವರಿದ್ದಾರೆ. ಅವರಿಗೆ ಆ ಅಂಜಿಕೆ ಹುಟ್ಟಿಸಿದವರು ನಾವೇ. ರಮಝಾನ್‌ಗೆ ಒಂದೆರಡು ತಿಂಗಳು ಮೊದಲೇ ಅಬ್ಬಾ, ಅಮ್ಮಿಯನ್ನು ವೈದ್ಯರಲ್ಲಿಗೆ ಕರೆದೊಯ್ಯಿರಿ. ಬೆರಳು ಚುಚ್ಚಿ ಸಕ್ಕರೆ ನೋಡಿದರೆ ಉಪವಾಸ ಮುರಿಯುವುದಿಲ್ಲ. ಸಕ್ಕರೆ 70ಕ್ಕಿಂತ ಇಳಿದರೆ ಅಥವಾ 300 ದಾಟಿದರೆ ತಕ್ಷಣ ಉಪವಾಸ ಬಿಡಿಸಿ. ನಡುಕ, ತಣ್ಣನೆಯ ಬೆವರು, ತಡವರಿಕೆಯ ಮಾತು ಕಂಡರೆ ಸಕ್ಕರೆ ಇಳಿದಿರಬಹುದು. ಎಚ್ಚರವಿದ್ದರೆ ಕೂಡಲೇ ಮೂರು ಚಮಚ ಸಕ್ಕರೆ ಕದಡಿದ ನೀರು ಕುಡಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ.

ಇನ್ನೊಮ್ಮೆ ಇಂತಹ ದಿನ ಬರುವ ಮೊದಲು ನಾವು ಮಾಡಬಹುದಾದದ್ದು ಬಹಳವಿದೆ. ಪ್ರತಿ ಮೊಹಲ್ಲಾದಲ್ಲೂ ಶುಗರ್ ಇರುವವರು ಯಾರು, ಅವರ ಔಷಧಿ ಯಾವುದು ಎಂದು ಅವರ ಒಪ್ಪಿಗೆ ಪಡೆದು ಬರೆದಿಡಿ. ಬೈಕ್ ಇರುವ ಇಬ್ಬರು ಹುಡುಗರು ತಾಲ್ಲೂಕು ಆಸ್ಪತ್ರೆಯಿಂದ ಔಷಧಿ ತರುವ ಹೊಣೆ ಹೊರಲಿ. ಮನೆಯಲ್ಲಿ ಸದಾ ಒಂದು ತಿಂಗಳ ಮಾತ್ರೆ ಇರಲಿ. ಫ್ರಿಜ್ ಇಲ್ಲದ ಮನೆಯವರು ಇನ್ಸುಲಿನ್ ಬಾಟಲಿಯನ್ನು ನೀರು ತಾಗದಂತೆ ಕಟ್ಟಿ, ನೆರಳಿನಲ್ಲಿಟ್ಟ ಮಣ್ಣಿನ ಮಡಕೆಯಲ್ಲಿ ತಂಪಾಗಿಡಬಹುದು. ಬಡ ರೋಗಿಯ ಔಷಧಿಗೆ ನಿಮ್ಮ ಸದಕಾದಲ್ಲಿ ಒಂದು ಪಾಲು ತೆಗೆದಿಡಿ.

ಹಸಿದವನಿಗೆ ಅನ್ನ ಕೊಡುವುದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಕಾಯಿಲೆಯವನ ಮಾತ್ರೆಯೂ ಅವನಿಗೆ ಅನ್ನದಷ್ಟೇ ಮುಖ್ಯ. ಇಂದು ಸಂಜೆಯೇ ಪಕ್ಕದ ಮನೆಯ ಬಾಗಿಲು ತಟ್ಟಿ ಕೇಳಿ: "ಚಾಚಾ, ಮಾತ್ರೆ ಎಷ್ಟು ದಿನಕ್ಕಿದೆ?"