ಒಬ್ಬೊಬ್ಬರೇ ಹೊರಟ ಬ್ಯಾಂಡ್

ಪ್ರೊಗ್ರೆಸಿವ್ ರಾಕ್ ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಪಿಂಕ್ ಫ್ಲಾಯ್ಡ್. ಹಾಸ್ಟೆಲ್ಲಿನಲ್ಲೂ ಅದೇ, ಈಗ ಆಫೀಸಿನ ಹೆಡ್‌ಫೋನಿನಲ್ಲೂ ಅದೇ. 1967ರಲ್ಲಿ ಲಂಡನ್ನಿನ ಯುಎಫ್‌ಓ ಕ್ಲಬ್ಬಿನಲ್ಲಿ ಫ್ಲಾಯ್ಡ್ ನುಡಿಸುತ್ತಿದ್ದ ದಿನಗಳಲ್ಲೇ ಅಲ್ಲಿ ಇನ್ನೊಂದು ತಂಡವೂ ನುಡಿಸುತ್ತಿತ್ತು: ಸಾಫ್ಟ್ ಮಷೀನ್. ಫ್ಲಾಯ್ಡ್ ಟೀ ಶರ್ಟಿನ ಮೇಲೆ ಬಂತು, ಇವರು ಬರಲಿಲ್ಲ. ಆದರೂ ರಾಕ್‌ನಿಂದ ಹೊರಟು ಜಾಝ್ ಕಡೆ ನಡೆದ ಇವರ ಮೊದಲ ಐದು ವರ್ಷಗಳ ಕಥೆಯೇ ನನ್ನನ್ನು ಹೆಚ್ಚು ಕಾಡುವುದು. ಯಾರಾದರೂ ಬಿಟ್ಟು ಹೋದಾಗಲೆಲ್ಲ ಈ ತಂಡದ ಸಂಗೀತವೇ ಬದಲಾಗುತ್ತಿತ್ತು.

ಮೂಲ ಕ್ಯಾಂಟರ್ಬರಿ. ಡ್ರಮ್ಸ್ ಬಾರಿಸುತ್ತ ಹಾಡುತ್ತಿದ್ದ ರಾಬರ್ಟ್ ವಯಟ್, ಆರ್ಗನ್ನಿನ ಮೈಕ್ ರಾಟ್ಲೆಜ್ ಇಬ್ಬರೂ ಅಲ್ಲಿ ಒಂದೇ ಶಾಲೆಯಲ್ಲಿ ಓದಿದವರು. ಡೇವಿಡ್ ಆಲನ್ ಎಂಬ ಆಸ್ಟ್ರೇಲಿಯಾದವನು ವಯಟ್‌ನ ತಾಯಿಯ ಮನೆಗೆ ಬಾಡಿಗೆಗೆ ಬಂದು ಗೆಳೆಯನಾದ. 1966ರಲ್ಲಿ ಕೆವಿನ್ ಏಯರ್ಸ್ ಬೇಸ್ ಹಿಡಿದು ಸೇರಿದ, ಆಲನ್ ಗಿಟಾರ್ ಹಿಡಿದ. ಹೆಸರನ್ನು ವಿಲಿಯಂ ಬರೋಸ್‌ನ ಕಾದಂಬರಿಯಿಂದ ತೆಗೆದುಕೊಂಡರು, ಅದೂ ಅವನನ್ನು ಕೇಳಿ!

1967ರ ಬೇಸಿಗೆಯಲ್ಲಿ ಫ್ರಾನ್ಸಿಗೆ ಹೋಗಿ ನುಡಿಸಿ ವಾಪಸ್ ಬರುವಾಗ ಆಲನ್‌ನನ್ನು ಇಂಗ್ಲೆಂಡಿನ ಒಳಗೆ ಬಿಡಲಿಲ್ಲ. ಹಿಂದೆ ವೀಸಾ ಅವಧಿ ಮೀರಿ ಉಳಿದಿದ್ದ. ಸ್ಟಾಂಪಿಂಗ್‌ಗೆಂದು ಊರಿಗೆ ಬಂದು ಅಲ್ಲೇ ಸಿಕ್ಕಿಕೊಂಡ ಗೆಳೆಯರು ನಮಗೆಲ್ಲ ಒಬ್ಬಿಬ್ಬರಾದರೂ ಇದ್ದಾರಲ್ಲ, ಹಾಗೆ. ಆಲನ್ ಪ್ಯಾರಿಸ್ಸಿನಲ್ಲೇ ಉಳಿದು ಗಾಂಗ್ ಎಂಬ ಬೇರೆ ತಂಡ ಕಟ್ಟಿದ. ಇಲ್ಲಿ ಮೂವರು ಉಳಿದರು, ಗಿಟಾರ್ ಇಲ್ಲದೆ.

ಆ ಜಾಗ ತುಂಬಿದ್ದು ರಾಟ್ಲೆಜ್‌ನ ಆರ್ಗನ್. ಗಿಟಾರಿನವರು ಬಳಸುವ ಫಜ್ ಬಾಕ್ಸನ್ನು, ಅಂದರೆ ದನಿಯನ್ನು ಒಡೆದು ಒರಟಾಗಿಸುವ ಪುಟ್ಟ ಪೆಟ್ಟಿಗೆಯನ್ನು, ಅವನು ಆರ್ಗನ್ನಿಗೆ ಜೋಡಿಸಿದ. ತೊಂದರೆ ಏನೆಂದರೆ ಅಷ್ಟು ವಾಲ್ಯೂಮಿನಲ್ಲಿ ಕೀಲಿಯಿಂದ ಬೆರಳು ಎತ್ತಿದ ಕೂಡಲೇ ಫೀಡ್‌ಬ್ಯಾಕ್, ಗಣೇಶನ ಪೆಂಡಾಲಿನ ಮೈಕು ಕಿರುಚುತ್ತದಲ್ಲ, ಹಾಗೆ. ಹಾಗಾಗಿ ಬಿಡುವೇ ಕೊಡದೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುತ್ತಲೇ ಇರಬೇಕಾಯಿತು. ಅವನ ಶೈಲಿ ಎಂದು ನಾವು ಮೆಚ್ಚುವ ಆ ಉಸಿರು ಬಿಡದ ಸೋಲೋಗಳು ಅಸಲಿಗೆ ಒಂದು ವರ್ಕ್‌ಅರೌಂಡ್. ನಮ್ಮ ಪ್ರೊಡಕ್ಷನ್ ಸಿಸ್ಟಮ್‌ಗಳಲ್ಲಿ ಹೀಗೆ ಎಷ್ಟು ವರ್ಕ್‌ಅರೌಂಡ್‌ಗಳು ಫೀಚರ್ ಎನಿಸಿಕೊಂಡು ಕೂತಿವೆಯೋ.

1968ರಲ್ಲಿ ಜಿಮಿ ಹೆಂಡ್ರಿಕ್ಸ್ ಜೊತೆ ಅಮೆರಿಕ ಸುತ್ತಿದರು, ನಡುವೆ ನ್ಯೂಯಾರ್ಕಿನಲ್ಲಿ ಮೊದಲ ಆಲ್ಬಮ್ ಮುಗಿಸಿದರು. ಮುಂದೆ 'ಪೊಲೀಸ್' ತಂಡದಲ್ಲಿ ಹೆಸರು ಮಾಡಿದ ಆ್ಯಂಡಿ ಸಮರ್ಸ್ ಕೆಲವೇ ವಾರ ಗಿಟಾರ್ ಹಿಡಿದು ಬಂದು ಹೋದ. ಪ್ರವಾಸ ಮುಗಿಯುವ ಹೊತ್ತಿಗೆ ಏಯರ್ಸ್ ಎಷ್ಟು ಬಳಲಿದ್ದನೆಂದರೆ ತನ್ನ ಬೇಸ್ ಗಿಟಾರನ್ನೇ ಮಾರಿ ಹೊರಟುಬಿಟ್ಟ. ಅವನ ಜಾಗಕ್ಕೆ ಬಂದವನು ಹ್ಯೂ ಹಾಪರ್. ಕ್ಯಾಂಟರ್ಬರಿಯ ಹಳೆಯ ಗೆಳೆಯ, ಅಲ್ಲಿಯವರೆಗೆ ಇವರ ಸಾಮಾನು ಹೊತ್ತು ಸ್ಟೇಜಿಗೆ ಜೋಡಿಸುತ್ತಿದ್ದವನು. ಹಾಪರ್ ಬಂದ ಮೇಲೆ ತಂಡ ಜಾಝ್ ಕಡೆ ವಾಲಿತು. ಎಲ್ಟನ್ ಡೀನ್ ಸ್ಯಾಕ್ಸೊಫೋನ್ ತಂದ. 1970ರ 'ಥರ್ಡ್' ಎರಡು ರೆಕಾರ್ಡುಗಳ ಆಲ್ಬಮ್. ನಾಲ್ಕು ಬದಿ, ಬದಿಗೆ ಒಂದೇ ಕೃತಿ.

ಅದೇ ಆಗಸ್ಟಿನಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಪ್ರಾಮ್ಸ್ ಕಛೇರಿಗೆ ಕರೆ ಬಂತು. ಶಾಸ್ತ್ರೀಯ ಸಂಗೀತದ ಆ ವೇದಿಕೆಗೆ ರಾಕ್ ತಂಡವೊಂದು ಹತ್ತಿದ್ದು ಅದೇ ಮೊದಲು. ಸಿಗರೇಟಿಗೆ ಹೊರಗೆ ಹೋದ ತನ್ನನ್ನು ಬಾಗಿಲಿನವನು ಒಳಗೆ ಬಿಡಲೇ ಇಲ್ಲ, ಇಲ್ಲಿ ನುಡಿಸುವವನು ನಾನೇ ಎಂದರೂ ನಂಬಲಿಲ್ಲ ಎಂದು ವಯಟ್ ಮುಂದೆ ನಗುತ್ತ ಹೇಳಿಕೊಂಡಿದ್ದಾನೆ.

ಆದರೆ ಆಗಲೇ ತಂಡದ ಒಳಗೂ ಅವನಿಗೆ ಜಾಗ ಕಡಿಮೆಯಾಗಿತ್ತು. 'ಥರ್ಡ್'ನ ನಾಲ್ಕು ಕೃತಿಗಳಲ್ಲಿ ಮಾತಿರುವುದು ವಯಟ್‌ನ 'ಮೂನ್ ಇನ್ ಜೂನ್' ಒಂದರಲ್ಲಿ ಮಾತ್ರ. ಉಳಿದವರಿಗೆ ಹಾಡಿನ ಮೇಲೆ ಆಸಕ್ತಿ ಇರಲಿಲ್ಲ. ಅದರ ಮೊದಲ ಭಾಗದ ವಾದ್ಯಗಳನ್ನೆಲ್ಲ ಬಹುಮಟ್ಟಿಗೆ ಅವನೊಬ್ಬನೇ ನುಡಿಸಿಕೊಂಡ. ನಮ್ಮಲ್ಲಿ ವೀಣೆ, ಪಿಟೀಲುಗಳೂ ಹಾಡಿದ ಹಾಗೆ ನುಡಿಯಬೇಕು ಎಂದು ಕಲಿಸುತ್ತಾರೆ. ಇಲ್ಲಿ ಹಾಡುವವನೇ ಹೆಚ್ಚಾಗಿಬಿಟ್ಟ. 1971ರ 'ಫೋರ್ತ್'ನಲ್ಲಿ ಹಾಡೇ ಇಲ್ಲ, ಡ್ರಮ್ಸ್ ಹಿಂದೆ ಸುಮ್ಮನೆ ಕೂತ ವಯಟ್ ಇದ್ದಾನೆ. ಅದೇ ವರ್ಷ ಅವನೂ ಹೊರಗೆ. ತಾನೇ ಬಿಟ್ಟದ್ದಲ್ಲ, ಕಳಿಸಿದರು ಎಂಬುದು ಅವನ ಮಾತು. ಹೊಸ ತಂಡಕ್ಕೆ ಅವನಿಟ್ಟ ಹೆಸರು 'ಮ್ಯಾಚಿಂಗ್ ಮೋಲ್'. ಸಾಫ್ಟ್ ಮಷೀನ್ ಅನ್ನುವುದನ್ನು ಫ್ರೆಂಚಿನಲ್ಲಿ 'ಮಶೀನ್ ಮೋಲ್' ಅನ್ನುತ್ತಾರೆ!

ಕೇಳುವ ಮನಸ್ಸಾದರೆ 'ಫೋರ್ತ್'ನಿಂದ ಶುರು ಮಾಡಬೇಡಿ, ಓಡಿಹೋಗುತ್ತೀರಿ. 'ಮೂನ್ ಇನ್ ಜೂನ್' ಹಾಕಿ. ಹತ್ತೊಂಬತ್ತು ನಿಮಿಷ, ಮೆಟ್ರೋದಲ್ಲಿ ಆಫೀಸು ಮುಟ್ಟುವಷ್ಟು ಹೊತ್ತು. ಅರ್ಧ ದಾರಿಯಲ್ಲಿ ಅವನ ಹಾಡು ನಿಂತು ಉಳಿದವರು ನುಡಿಸಲು ಶುರು ಮಾಡುತ್ತಾರೆ; ಅಲ್ಲಿ ಸ್ವಲ್ಪ ವಾಲ್ಯೂಮ್ ಏರಿಸಿ.